ಅಂಗಭೇದವೂ ಅಂಗದೋಷವೂ: ಒಂದು ವಿಮರ್ಶೆ

೧

ದಂಡಿಯ ಕಾವ್ಯಾದರ್ಶವನ್ನು ಪಾಠಹೇಳುವವರೆಲ್ಲರೂ ಅದರ ಮೊದಲನೆಯ ಪರಿಚ್ಛೇದದ ಒಂದು ಮಾತನ್ನು ವಿವರಿಸಲೇಬೇಕಾಗುವುದು. ಕಾವ್ಯದಲ್ಲಿ ಸ್ವಲ್ಪವಾದ ದೋಷವನ್ನೂ ಉಪೇಕ್ಷಿಸಕೂಡದು. ಸುಂದರವಾದ ಶರೀರವೂ ಒಂದೇ ಒಂದು ಶ್ವಿತ್ರದ ಕಲೆಯಿಂದ ದುರ್ಭಗವಾಗುವುದೆಂಬುದು ಆ ಮಾತಿನ ತಾತ್ಪರ್ಯ. ಉಪಮಾನವು ಬಾಲಕರಿಗೂ ಥಟ್ಟನೆ ತಿಳಿಯುವಂತಹುದು. ಆದಕಾರಣ ಅಧ್ಯಾಪಕರು ಅಲ್ಲಿ ಹೆಚ್ಚುಹೊತ್ತು ನಿಲ್ಲುವುದಿಲ್ಲ. ನಾನೂ ನಿಲ್ಲುತ್ತಿರಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಈ ಭಾಗವನ್ನು ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿಯು, "ಗುರುಗಳೆ, ಆರನೆಯ ಬೆರಳೂ ಈ ಲೆಕ್ಕಕ್ಕೆ ಸೇರುವುದೆ?" ಎಂದು ಕೇಳಿದನು. ಅವನ ಎಡಗೈಯಲ್ಲಿ ಕಿರುಬೆರಳಿನ ಪಕ್ಕದಲ್ಲಿ ಮತ್ತೊಂದು ಪುಟ್ಟ ಬೆರಳಿತ್ತು. ಆ ಕೈಯನ್ನು ಅವನು ಯಾವಾಗಲೂ ಉತ್ತರೀಯದೊಳಗೆ ಇಟ್ಟುಕೊಂಡಿರುತ್ತಿದ್ದುದರಿಂದ ನಾನು ಅದನ್ನು ಗಮನಿಸಿರಲಿಲ್ಲ. "ಅಧಿಕಾಂಗವೂ ದೋಷವೇ, ಶಾಸ್ತ್ರದಲ್ಲಿ ಹೇಳಿದೆ" ಎಂದು ಹೇಳಿ ಮುಂದಿನ ಶ್ಲೋಕಕ್ಕೆ ಹೋದೆನು. ಮರುದಿನದಿಂದ ಅವನು ಹಿಂದಿನ ಸಾಲಿನಲ್ಲಿ ಕುಳಿತನು. ಆ ವರ್ಷ ಮುಗಿಯುವುದರೊಳಗೆ ಪಾಠಶಾಲೆಯನ್ನೇ ಬಿಟ್ಟನು. ಬಿಟ್ಟುದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನಾನು ಕೊಟ್ಟ ಉತ್ತರವು ಶಾಸ್ತ್ರೀಯವಾದುದೇ ಎಂಬ ಸಂಶಯವು ಅಂದಿನಿಂದಲೂ ನನ್ನನ್ನು ಬಿಟ್ಟಿಲ್ಲ. ಆ ಸಂಶಯವನ್ನು ವಿದ್ವಾಂಸರ ಮುಂದಿಟ್ಟು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯವೇನೆಂದರೆ: ಮನುಷ್ಯಶರೀರಗಳು ಒಂದರಂತೆ ಒಂದಿರುವುದಿಲ್ಲ. ಈ ವ್ಯತ್ಯಾಸಗಳಲ್ಲಿ ಕೆಲವು ರೋಗಗಳು. ಬಹುಭಾಗವು ಯಾವ ಬಾಧೆಯನ್ನೂ ಮಾಡದ ಸಹಜಭೇದಗಳು. ಭೇದವು ಬೇರೆ, ದೋಷವು ಬೇರೆ. ನಮ್ಮ ಶಾಸ್ತ್ರಗ್ರಂಥಗಳೂ ಕಾವ್ಯಗಳೂ ಈ ಎರಡನ್ನು ಬೇರ್ಪಡಿಸಿರುವುವೆ? ಬೇರ್ಪಡಿಸಿದ್ದರೆ ನಾವು ಪಾಠಹೇಳುವಾಗ ಅವನ್ನೇಕೆ ಒಂದುಮಾಡಿಬಿಡುವೆವು?

೨

ಮೊದಲು ದೋಷವೆಂಬ ಪದವನ್ನು ನೋಡೋಣ. ಆಲಂಕಾರಿಕರೇ ಅದರ ಲಕ್ಷಣವನ್ನು ಕಟ್ಟಿಕೊಟ್ಟಿರುವರು. ಮಮ್ಮಟನ ಮತದಲ್ಲಿ ಮುಖ್ಯಾರ್ಥಕ್ಕೆ ಹಾನಿಯನ್ನುಂಟುಮಾಡುವುದು ದೋಷ. ಆ ಮುಖ್ಯಾರ್ಥವೆಂದರೆ ರಸ. ಹಾನಿಯಿಲ್ಲದ ಕಡೆ ದೋಷವೆಂಬ ಹೆಸರಿಗೆ ಅವಕಾಶವೇ ಇಲ್ಲ. ಆನಂದವರ್ಧನನು ಇದಕ್ಕೂ ಹಿಂದೆಯೇ ಕೆಲವು ದೋಷಗಳು ಅನಿತ್ಯಗಳೆಂದು ತೋರಿಸಿರುವನು: ಶೃಂಗಾರದಲ್ಲಿ ಕಿವಿಗೆ ಕರ್ಕಶವಾಗಿ ಪರಿಣಮಿಸುವ ಅಕ್ಷರಜೋಡಣೆಯು ರೌದ್ರದಲ್ಲಿ ಹಿತವಾಗಿಯೇ ಇರುವುದು. ಅಕ್ಷರಗಳು ಅವೇ, ಸ್ಥಾನವು ಬೇರೆಯಾದುದರಿಂದ ಹಾನಿಯು ಇಲ್ಲವಾಯಿತು, ದೋಷವೂ ಇಲ್ಲವಾಯಿತು. ದಂಡಿಯೂ ಇದನ್ನು ಅರಿಯದವನಲ್ಲ. ದೋಷಪ್ರಕರಣದ ಕೊನೆಯಲ್ಲಿ ಅವನೇ, ವಿರೋಧವೆಂಬ ದೋಷವು ಕವಿಯ ಕೌಶಲದಿಂದ ಒಮ್ಮೊಮ್ಮೆ ದೋಷಗಳ ಎಣಿಕೆಯನ್ನು ದಾಟಿ ಗುಣಗಳ ಬೀದಿಗೆ ಬರುವುದೆಂದು ಒಪ್ಪಿಕೊಂಡಿರುವನು.

ಹೀಗಿರಲು, ದೋಷವೆಂಬುದು ವಸ್ತುವಿನ ಆಕಾರದಲ್ಲಿ ಅಂಟಿಕೊಂಡಿರುವ ಧರ್ಮವಲ್ಲ. ಅದು ಕಾರ್ಯದಿಂದ ಗೊತ್ತಾಗತಕ್ಕುದು. ಇದೇ ನ್ಯಾಯವನ್ನು ಶರೀರಕ್ಕೂ ಅನ್ವಯಿಸಬೇಕಲ್ಲವೆ? ಕಾವ್ಯಶರೀರಕ್ಕೆ ಇಷ್ಟು ಉದಾರವಾದ ಲಕ್ಷಣವನ್ನು ಮಾಡಿ, ಮನುಷ್ಯಶರೀರಕ್ಕೆ ಮಾತ್ರ ಕಂಡ ಭೇದವೆಲ್ಲ ದೋಷವೆನ್ನುವುದು ಅರ್ಧಜರತೀಯವಾಗುವುದು.

ದಂಡಿಯ ಉಪಮಾನದ ವಿಷಯದಲ್ಲಿಯೂ ಎರಡು ಮಾತುಗಳನ್ನು ಹೇಳಬೇಕು. ಶ್ವಿತ್ರ ಅಥವಾ ತೊನ್ನು ಎಂಬುದು ಕೇವಲ ಸಹಜಭೇದವಲ್ಲ. ಚರ್ಮಕ್ಕೆ ಬಣ್ಣವನ್ನು ಕೊಡುವ ಕಣಗಳು ನಾಶವಾಗುವುದರಿಂದ ಉಂಟಾಗುವ ವಿಕಾರ. ಆದರೆ ಅದು ಕುಷ್ಠವಲ್ಲ, ಒಬ್ಬರಿಂದ ಒಬ್ಬರಿಗೆ ಹರಡತಕ್ಕುದೂ ಅಲ್ಲ. ಎರಡನೆಯದಾಗಿ, ದಂಡಿಯು ಅಲ್ಲಿ ಹೇಳಿರುವುದು ದುರ್ಭಗತ್ವವನ್ನು, ಎಂದರೆ ನೋಡುವವರಿಗೆ ಪ್ರಿಯವಾಗದಿರುವುದನ್ನು. ಅದು ನೋಡುವ ಕಣ್ಣಿನ ವಿಚಾರ, ನೋಡಲ್ಪಡುವವನ ಯೋಗ್ಯತೆಯ ವಿಚಾರವಲ್ಲ. ಉಪಮಾನದಲ್ಲಿ ಸಾಧಾರಣಧರ್ಮವೊಂದನ್ನು ಮಾತ್ರ ಗ್ರಹಿಸಬೇಕೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠ. ಉಪಮಾನವನ್ನು ಹಿಡಿದು ಧರ್ಮನಿರ್ಣಯಮಾಡಿದುದು ನನ್ನ ತಪ್ಪೇ ಹೊರತು ದಂಡಿಯದಲ್ಲ.

೩

ಇನ್ನು ಶರೀರವನ್ನೇ ವಿಷಯವಾಗಿ ಉಳ್ಳ ಆಯುರ್ವೇದಕ್ಕೆ ಬರೋಣ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಮೂಳೆಗಳು ೩೬೦ ಎಂದಿದೆ. ಇವುಗಳಲ್ಲಿ ೩೨ ಹಲ್ಲುಗಳೂ, ಅವುಗಳ ೩೨ ಗುಳಿಗಳೂ, ೨೦ ಉಗುರುಗಳೂ ಸೇರಿರುವುವು. ಸುಶ್ರುತನು ಈ ೩೬೦ನ್ನು ವೇದವಾದಿಗಳ ಮತವೆಂದು ಹೇಳಿ, ಶಲ್ಯತಂತ್ರದಲ್ಲಿ ೩೦೦ ಮಾತ್ರವೆನ್ನುವನು: ಕೈಕಾಲುಗಳಲ್ಲಿ ೧೨೦, ಮುಂಡದಲ್ಲಿ ೧೧೭, ಕತ್ತಿನಿಂದ ಮೇಲೆ ೬೩. ಈಗಿನ ಶರೀರಶಾಸ್ತ್ರವು ಬೆಳೆದ ಮನುಷ್ಯನಲ್ಲಿ ೨೦೬ ಎನ್ನುವುದು. ಹರ್ನ್ಲೆ ಎಂಬ ವಿದ್ವಾಂಸನು ೧೯೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎಣಿಕೆಗಳನ್ನು ಬಹಳ ಪರಿಶ್ರಮದಿಂದ ಹೋಲಿಸಿ ನೋಡಿರುವನು. ಹಲ್ಲು, ಉಗುರು, ಮೃದ್ವಸ್ಥಿಗಳನ್ನು ಸೇರಿಸುವುದು ಬಿಡುವುದು, ಕೂಡಿಕೊಂಡ ಮೂಳೆಯನ್ನು ಒಂದೆನ್ನುವುದು ಹಲವೆನ್ನುವುದು, ಇವುಗಳಿಂದಲೇ ಸಂಖ್ಯೆಯು ಬಹುಮಟ್ಟಿಗೆ ಬೇರೆಯಾಗುವುದು.

ನಮ್ಮಲ್ಲಿ ಈ ವಿಷಯವಾಗಿ ಎರಡು ಪಕ್ಷಗಳಿರುವುವು. ಪ್ರಾಚೀನರು ತಪ್ಪಿದರೆಂದು ಒಂದು ಪಕ್ಷ; ಆಗಿನ ಮನುಷ್ಯರಿಗೆ ಅಷ್ಟೇ ಮೂಳೆಗಳಿದ್ದುವೆಂದು ಇನ್ನೊಂದು. ಈ ಎರಡನೆಯ ವಾದವು ನಮ್ಮದೇ ಎಂದು ಯಾರೂ ಲಜ್ಜೆಪಡಬೇಕಾಗಿಲ್ಲ. ಯೂರೋಪಿನಲ್ಲಿ ವೆಸೇಲಿಯಸನು ೧೫೪೩ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿ, ಪ್ರಾಚೀನನಾದ ಗ್ಯಾಲನನು ಮೃಗಗಳ ಶರೀರವನ್ನು ನೋಡಿ ಮನುಷ್ಯಶರೀರವನ್ನು ವರ್ಣಿಸಿರುವನೆಂದು ತೋರಿಸಿದಾಗ, ಅವನ ಗುರುವಾದ ಸಿಲ್ವಿಯಸನು ಗ್ಯಾಲನನು ತಪ್ಪಲಿಲ್ಲವೆಂದೂ ಅವನ ಕಾಲದಿಂದೀಚೆಗೆ ಮನುಷ್ಯಶರೀರವೇ ಮಾರ್ಪಟ್ಟಿತೆಂದೂ ಹೇಳಿದನು. ಗ್ರಂಥವನ್ನು ಉಳಿಸಿಕೊಳ್ಳುವುದಕ್ಕಾಗಿ ಶರೀರವನ್ನೇ ತಪ್ಪಿತಸ್ಥನನ್ನಾಗಿ ಮಾಡುವ ಈ ಪ್ರವೃತ್ತಿಯು ಎಲ್ಲ ದೇಶದ ಪಂಡಿತರಲ್ಲಿಯೂ ಇರತಕ್ಕುದು.

ಎರಡು ಪಕ್ಷಗಳೂ ಮರೆಯುವ ಅಂಶವೊಂದುಂಟು. ೨೦೬ ಎಂಬುದೂ ಎಲ್ಲರಿಗೂ ಒಪ್ಪುವ ಸಂಖ್ಯೆಯಲ್ಲ. ಹುಟ್ಟಿದ ಶಿಶುವಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಮೂಳೆಗಳಿದ್ದು ಕ್ರಮೇಣ ಕೂಡಿಕೊಳ್ಳುವುವು. ಬೆಳೆದವರಲ್ಲಿಯೂ ತಲೆಬುರುಡೆಯ ಸಂಧಿಗಳಲ್ಲಿ ಸಣ್ಣ ಸಣ್ಣ ಅಧಿಕಾಸ್ಥಿಗಳು ಕೆಲವರಿಗಿರುವುವು; ಕೆಲವರಿಗೆ ಕತ್ತಿನ ಬುಡದಲ್ಲಿ ಒಂದು ಹೆಚ್ಚಿನ ಪಕ್ಕೆಲುಬು; ಕೆಲವರಿಗೆ ಸೊಂಟದಲ್ಲಿ ಐದರ ಬದಲು ಆರು ಕಶೇರುಕಗಳು. ಸಂಖ್ಯೆಯೆಂಬುದು ಬಹುಜನರ ಶರೀರವನ್ನು ನೋಡಿ ಮಾಡಿಕೊಂಡ ವ್ಯವಹಾರ. ಪ್ರತಿಯೊಬ್ಬನಿಗೂ ವಿಧಿಸಿದ ನಿಯಮವಲ್ಲ.

ಸುಶ್ರುತನು ಶವಪರೀಕ್ಷೆಯ ಕ್ರಮವನ್ನು ಹೇಳುವಾಗ, ಸಮಸ್ತಾವಯವಗಳಿಂದ ಕೂಡಿದ, ವಿಷದಿಂದ ಸಾಯದ, ದೀರ್ಘರೋಗದಿಂದ ಪೀಡಿತವಲ್ಲದ, ನೂರು ವರ್ಷ ತುಂಬಿಲ್ಲದ ಶವವನ್ನು ಆರಿಸಿಕೊಂಡು, ಹರಿಯುವ ನೀರಿನಲ್ಲಿ ಪಂಜರದೊಳಗಿಟ್ಟು, ಏಳು ರಾತ್ರಿಗಳ ಮೇಲೆ ತೆಗೆದು, ಮೆಲ್ಲಮೆಲ್ಲನೆ ಉಜ್ಜುತ್ತ ಒಂದೊಂದು ಭಾಗವನ್ನೂ ಕಣ್ಣಿನಿಂದ ನೋಡಬೇಕೆಂದು ವಿಧಿಸಿರುವನು. ಕಲಿಯುವವನಿಗೆ ಮೊದಲು ಸಾಮಾನ್ಯರೂಪವನ್ನು ತೋರಿಸುವುದಕ್ಕಾಗಿ ಇಂತಹ ಶವವನ್ನು ಆರಿಸಿದುದು ಯುಕ್ತವೇ. ಆದರೆ ಆರಿಸಿದ ಒಂದು ಶರೀರವು ಉದಾಹರಣೆಯೇ ಹೊರತು ವಿಧಿಯಲ್ಲ. ಪ್ರತ್ಯಕ್ಷದಿಂದ ಕಂಡುದೂ ಶಾಸ್ತ್ರದಿಂದ ತಿಳಿದುದೂ ಕೂಡಿದರೆ ಜ್ಞಾನವು ಬೆಳೆಯುವುದೆಂದು ಅದೇ ಅಧ್ಯಾಯದಲ್ಲಿ ಅವನು ಹೇಳಿರುವುದನ್ನೂ ನೆನೆಯಬೇಕು.

೪

ಆಯುರ್ವೇದದಲ್ಲಿ ಭೇದಕ್ಕೆ ಅವಕಾಶಕೊಟ್ಟಿರುವ ಸ್ಥಳಗಳು ಎರಡನ್ನು ಇಲ್ಲಿ ಸೂಚಿಸುವೆನು.

ಮೊದಲನೆಯದು ಸ್ವಾಂಗುಲಪ್ರಮಾಣ. ಮನುಷ್ಯನ ಉದ್ದವು ಚರಕದಲ್ಲಿ ೮೪ ಅಂಗುಲ, ಸುಶ್ರುತದಲ್ಲಿ ೧೨೦ ಅಂಗುಲ. ಎರಡರಲ್ಲಿಯೂ ಅಳೆಯತಕ್ಕುದು ಅವರವರ ಬೆರಳಿನಿಂದಲೇ. ಎಂದರೆ, ಎತ್ತರದವನನ್ನು ಗಿಡ್ಡನ ಕೋಲಿನಿಂದಲೂ ಗಿಡ್ಡನನ್ನು ಎತ್ತರದವನ ಕೋಲಿನಿಂದಲೂ ಅಳೆಯತಕ್ಕುದಲ್ಲ. ಪ್ರತಿಶರೀರವೂ ತನ್ನ ಅಳತೆಗೋಲನ್ನು ತನ್ನಲ್ಲಿಯೇ ಇಟ್ಟುಕೊಂಡಿದೆ. ಈ ಪ್ರಮಾಣಕ್ಕಿಂತ ಹೀನಾಧಿಕರಾದವರಲ್ಲಿ ಆಯುರ್ಬಲಗಳು ಬೇರೆಯಾಗುವುವೆಂದೂ ಚರಕವು ಹೇಳಿರುವುದು ದಿಟ. ಆ ಮಾತನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಅಳತೆಗೆ ಮೂಲವು ಆ ವ್ಯಕ್ತಿಯೇ ಎಂಬ ತತ್ತ್ವವು ಅದರಿಂದ ಕೆಡುವುದಿಲ್ಲ.

ಎರಡನೆಯದು ಚರಕದ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ. ಅಲ್ಲಿ ಶರೀರವಿಷಯದಲ್ಲಿ ನಿಂದಿತರಾದ ಎಂಟು ಮಂದಿಯನ್ನು ಎಣಿಸಿದೆ: ಅತಿದೀರ್ಘ, ಅತಿಹ್ರಸ್ವ, ಅತಿಲೋಮ, ಅಲೋಮ, ಅತಿಕೃಷ್ಣ, ಅತಿಗೌರ, ಅತಿಸ್ಥೂಲ, ಅತಿಕೃಶ. ಇಷ್ಟನ್ನು ಓದಿ ನಿಲ್ಲಿಸಿದರೆ ಶಾಸ್ತ್ರವೇ ನಿಂದಿಸಿತೆಂದು ತೋರುವುದು. ಆದರೆ ಮುಂದಕ್ಕೆ ಓದಿದರೆ ಕಾರಣ, ಲಕ್ಷಣ, ಚಿಕಿತ್ಸೆಗಳನ್ನು ಹೇಳಿರುವುದು ಕೊನೆಯ ಇಬ್ಬರಿಗೆ, ಸ್ಥೂಲನಿಗೂ ಕೃಶನಿಗೂ, ಮಾತ್ರ. ಮಿಕ್ಕ ಆರು ಮಂದಿಯ ಹೆಸರನ್ನು ಹೇಳಿ ವೈದ್ಯನು ಸುಮ್ಮನಾಗಿರುವನು. ಏಕೆ? ನಿಂದೆಯು ಲೋಕದ್ದು, ಚಿಕಿತ್ಸೆಯು ವೈದ್ಯನದು. ಲೋಕವು ನಿಂದಿಸುವುದೆಲ್ಲವೂ ವೈದ್ಯನಿಗೆ ರೋಗವಲ್ಲ ಎಂಬುದೇ ಇದಕ್ಕೆ ಸಮಾಧಾನವೆಂದು ನನ್ನ ಅಭಿಪ್ರಾಯ. ಅತಿಕೃಷ್ಣನಿಗೂ ಅತಿಗೌರನಿಗೂ ಒಂದೇ ಸಾಲಿನಲ್ಲಿ ಸ್ಥಾನಕೊಟ್ಟಿರುವುದನ್ನೂ, ಬಿಳಿಯ ಬಣ್ಣವನ್ನು ಮಾತ್ರ ಅರಸುವ ಈಗಿನ ವಧೂಪರೀಕ್ಷಕರು ಗಮನಿಸಬೇಕು.

ಆದರೆ ಆಯುರ್ವೇದದಲ್ಲಿರುವುದೆಲ್ಲವನ್ನೂ ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಗರ್ಭಿಣಿಯ ಬಯಕೆಯನ್ನು ತೀರಿಸದಿದ್ದರೆ ಕುಬ್ಜನೋ ಕುಂಟನೋ ವಾಮನನೋ ಹುಟ್ಟುವನೆಂದು ಸುಶ್ರುತದಲ್ಲಿದೆ. ಈ ಮಾತು ಎಷ್ಟೋ ತಾಯಂದಿರನ್ನು ತಾವು ಮಾಡದ ಅಪರಾಧಕ್ಕೆ ಗುರಿಮಾಡಿದೆ. ಬೀಜದಲ್ಲಿ ಯಾವ ಭಾಗವು ಕೆಟ್ಟಿರುವುದೋ ಆ ಭಾಗದಿಂದಾಗುವ ಅಂಗಕ್ಕೆ ವಿಕಾರವುಂಟಾಗುವುದು, ಆದಕಾರಣವೇ ಕುರುಡರ ಮಕ್ಕಳೆಲ್ಲರೂ ಕುರುಡರಾಗುವುದಿಲ್ಲ ಎಂಬ ಚರಕದ ವಿಚಾರಸರಣಿಯು ಇದಕ್ಕಿಂತ ಬಹಳ ಮೇಲು. ವಂಶವಾಹಿಗಳನ್ನು ಕುರಿತ ಈಗಿನ ವಿಜ್ಞಾನಕ್ಕೂ ಅದು ಹತ್ತಿರವಾಗಿದೆ. ಎರಡು ಆಪ್ತವಾಕ್ಯಗಳಲ್ಲಿ ಯುಕ್ತಿಗೂ ಪ್ರತ್ಯಕ್ಷಕ್ಕೂ ಒಪ್ಪುವುದನ್ನು ಹಿಡಿಯುವುದೇ ನ್ಯಾಯ.

೫

ಪ್ರತ್ಯಕ್ಷವು ಹೇಳುವುದೇನು? ವಾಚಕರು ತಮ್ಮ ಕೈಯನ್ನೇ ನೋಡಿಕೊಳ್ಳಬಹುದು. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ಒಳಕ್ಕೆ ಸ್ವಲ್ಪ ಬಾಗಿಸಿದರೆ ಬಹುಜನರಲ್ಲಿ ಮಣಿಕಟ್ಟಿನ ನಡುವೆ ಒಂದು ಸ್ನಾಯುರಜ್ಜುವು ದಾರದಂತೆ ಎದ್ದು ಕಾಣುವುದು. ನೂರರಲ್ಲಿ ಸುಮಾರು ಹದಿನೈದು ಮಂದಿಗೆ ಅದು ಇರುವುದೇ ಇಲ್ಲ. ಈ ಪ್ರಮಾಣವು ಜನಾಂಗದಿಂದ ಜನಾಂಗಕ್ಕೆ ಹೆಚ್ಚುಕಡಮೆಯಾಗುವುದು. ಇಲ್ಲದವರು ಬರೆಯುವುದರಲ್ಲಿಯಾಗಲಿ ಭಾರವೆತ್ತುವುದರಲ್ಲಿಯಾಗಲಿ ವೀಣೆ ನುಡಿಸುವುದರಲ್ಲಿಯಾಗಲಿ ಹಿಂದೆ ಬಿದ್ದವರಲ್ಲ. ಬೇರೆ ಕಡೆ ರಜ್ಜುವು ಹರಿದುಹೋದರೆ ಶಸ್ತ್ರವೈದ್ಯರು ಇದನ್ನೇ ತೆಗೆದು ಅಲ್ಲಿ ಜೋಡಿಸುವರು. ಇದರ ಅಭಾವದಿಂದ ಕೈಗೆ ಹೇಳಿಕೊಳ್ಳುವಂತಹ ನಷ್ಟವಿಲ್ಲದಿರುವುದೇ ಅದಕ್ಕೆ ಕಾರಣ.

ಮೂತ್ರಪಿಂಡಗಳೆರಡೂ ಕೆಳತುದಿಯಲ್ಲಿ ಕೂಡಿಕೊಂಡು ಕುದುರೆಯ ಲಾಳದ ಆಕಾರವನ್ನು ಹೊಂದಿರುವುದು ಸುಮಾರು ಐನೂರು ಮಂದಿಯಲ್ಲಿ ಒಬ್ಬರಿಗೆ. ಹೃದಯವು ಬಲಕ್ಕೂ ಯಕೃತ್ತು ಎಡಕ್ಕೂ ಇದ್ದು, ಒಳಗಿನ ಅಂಗಗಳೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುವುದು ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ. ಮ್ಯಾಥ್ಯೂ ಬೇಯ್ಲಿ ಎಂಬ ಶರೀರಶಾಸ್ತ್ರಜ್ಞನು ಲಂಡನ್ನಿನಲ್ಲಿ ಇಂತಹ ಒಂದು ಶರೀರವನ್ನು ಪರೀಕ್ಷಿಸಿ ೧೭೮೮ರಲ್ಲಿ ವರ್ಣಿಸಿರುವನು. ಇಂತಹವರಲ್ಲಿ ಅನೇಕರು ತಮ್ಮ ಒಳಗಿನ ಈ ವೈಚಿತ್ರ್ಯವನ್ನು ಅರಿಯದೆಯೇ ಬಾಳಿ ಮುಗಿಸುವರು. ಸಾಮುದ್ರಿಕದ ಬಲ್ಲವರು ನೋಡುವುದು ಹೊರಗಿನ ರೇಖೆಯನ್ನೂ ಮಚ್ಚೆಯನ್ನೂ ಮಾತ್ರ. ಸರ್ವಲಕ್ಷಣಸಂಪನ್ನನೆಂದು ಅವರು ಹೊಗಳಿದ ವರನ ಹೃದಯವು ಬಲಗಡೆ ಮಿಡಿಯುತ್ತಿರಬಹುದು. ಅದರಿಂದ ಅವನಿಗಾಗಲಿ ವಧುವಿಗಾಗಲಿ ಆಗುವ ಕೇಡೇನೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಭೇದವೆಲ್ಲವೂ ನಿರಪಾಯವೆಂದು ಹೇಳಬರುವುದಿಲ್ಲ. ಕತ್ತಿನ ಹೆಚ್ಚಿನ ಪಕ್ಕೆಲುಬು ಬಹುಜನರಿಗೆ ಬಾಧಕವಲ್ಲ; ಕೆಲವರಿಗೆ ಮಾತ್ರ ಅದು ತೋಳಿನ ನರಗಳನ್ನೋ ರಕ್ತನಾಳವನ್ನೋ ಒತ್ತಿ ನೋವನ್ನುಂಟುಮಾಡುವುದು. ಅಂಗಗಳು ಅದಲುಬದಲಾದವರಲ್ಲಿ ಒಂದು ಭಾಗದವರಿಗೆ ಶ್ವಾಸಕೋಶದ ತೊಂದರೆಯೂ ಕೂಡಿರುವುದು. ಆರನೆಯ ಬೆರಳು ಸಾಮಾನ್ಯವಾಗಿ ತಾನೊಂದೇ ಬರತಕ್ಕುದು; ಕೆಲವು ಶಿಶುಗಳಲ್ಲಿ ಬೇರೆ ವಿಕಾರಗಳ ಜತೆಯಲ್ಲಿಯೂ ಬರುವುದರಿಂದ ವೈದ್ಯರು ಒಮ್ಮೆ ನೋಡುವುದು ಯುಕ್ತ. ಒಳಗಿನ ಭೇದವನ್ನು ಶಸ್ತ್ರವೈದ್ಯನು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ನಿರಪಾಯವಾದ ಭೇದವೇ ಅವನ ಅಜ್ಞಾನದಿಂದ ಅಪಾಯಕ್ಕೆ ಎಡೆಯಾಗಬಹುದು. ಇದು ಆಲಂಕಾರಿಕರ ಅನಿತ್ಯದೋಷದ ಮರ್ಯಾದೆಯೇ ಅಲ್ಲವೆ? ಆಕಾರವು ಒಂದೇ, ಹಾನಿಯಿದ್ದಲ್ಲಿ ದೋಷ, ಇಲ್ಲದಲ್ಲಿ ಭೇದ. ಹಾನಿಯಿದೆಯೆ ಎಂದು ಪರೀಕ್ಷಿಸಬೇಕು. ಪರೀಕ್ಷಿಸದೆ ದೋಷವೆನ್ನುವುದೂ ತಪ್ಪು, ಪರೀಕ್ಷಿಸದೆ ನಿರ್ದೋಷವೆನ್ನುವುದೂ ತಪ್ಪು.

೬

"ಇದೆಲ್ಲ ವೈದ್ಯರ ಮಾತಾಯಿತು, ಧರ್ಮಶಾಸ್ತ್ರವು ಅಧಿಕಾಂಗಿಯಾದ ಕನ್ಯೆಯನ್ನು ವರಿಸಬಾರದೆಂದಿರುವುದಲ್ಲ" ಎಂದು ಪೂರ್ವಪಕ್ಷವು ಬರುವುದು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಹಾಗೆ ಇದೆ. ಕಪಿಲವರ್ಣದವಳು, ರೋಮವಿಲ್ಲದವಳು, ಅತಿರೋಮವುಳ್ಳವಳು, ಬಹಳ ಮಾತನಾಡುವವಳು, ಇವರನ್ನೂ ಅಲ್ಲಿ ಬಿಡಹೇಳಿದೆ. ನಾನು ಅಂದು ಆ ವಿದ್ಯಾರ್ಥಿಗೆ 'ಶಾಸ್ತ್ರದಲ್ಲಿ ಹೇಳಿದೆ' ಎಂದುದು ಈ ಶ್ಲೋಕವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಆದರೆ ಅದೇ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ, ಅಂಗಹೀನರನ್ನೂ ಅಧಿಕಾಂಗರನ್ನೂ ವಿದ್ಯೆಯಿಲ್ಲದವರನ್ನೂ ವೃದ್ಧರನ್ನೂ ರೂಪವೂ ಹಣವೂ ಇಲ್ಲದವರನ್ನೂ ಹೀನಜಾತಿಯವರನ್ನೂ ಹಳಿಯಬಾರದೆಂದು ನಿಷೇಧವಿದೆ. ಮೊದಲನೆಯ ಶ್ಲೋಕವನ್ನು ಬಲ್ಲವರು ಸಾವಿರ ಮಂದಿ. ಎರಡನೆಯದನ್ನು ಉದಾಹರಿಸುವವರು ಎಷ್ಟು ಮಂದಿ? ವಿವಾಹಪ್ರಕರಣದ ವಾಕ್ಯವು ಅದನ್ನು ಬರೆದವರ ಕಾಲದ ಲೋಕರೂಢಿಯನ್ನು ಹಿಡಿದು ಹೊರಟುದು. ಮಾತುಗಾತಿಯನ್ನೂ ಅದೇ ಪಂಕ್ತಿಯಲ್ಲಿ ಸೇರಿಸಿರುವುದರಿಂದಲೇ ಅದು ಸ್ಪಷ್ಟ. ನಾವು ಅದನ್ನು ಇಂದು ಪ್ರಮಾಣವೆಂದು ಇಟ್ಟುಕೊಳ್ಳಬೇಕಾಗಿಲ್ಲ. ಪಾಠಶಾಲೆಯಲ್ಲಿ ಕುಳಿತ ಬಾಲಕನ ವಿಷಯದಲ್ಲಿ ಪ್ರಾಪ್ತವಾಗುವುದಂತೂ ನಾಲ್ಕನೆಯ ಅಧ್ಯಾಯದ ನಿಷೇಧವೇ. ಅದನ್ನು ಮೀರಿದವನು ನಾನು.

ವ್ಯಾಕರಣವೂ ಇಲ್ಲಿ ಒಂದು ಸೂಕ್ಷ್ಮವನ್ನು ಕಲಿಸುವುದು. ಯಾವ ಅಂಗದ ವಿಕಾರದಿಂದ ಅಂಗಿಯ, ಎಂದರೆ ಆ ಅಂಗವುಳ್ಳವನ, ವಿಕಾರವು ತೋರುವುದೋ ಆ ಅಂಗವಾಚಕಕ್ಕೆ ತೃತೀಯಾವಿಭಕ್ತಿಯನ್ನು ಪಾಣಿನಿಯು ವಿಧಿಸಿರುವನು. 'ಕಣ್ಣಿನಿಂದ ಕುರುಡನು' ಎಂಬಂತಹ ಪ್ರಯೋಗವು ಇದರಿಂದ ಸಿದ್ಧಿಸುವುದು. 'ಇವನ ಕಣ್ಣು ಕುರುಡು' ಎಂದಾಗ ಸೂತ್ರವು ಪ್ರವರ್ತಿಸುವುದಿಲ್ಲ. ಅಲ್ಲಿ ವಿಕಾರವು ಕಣ್ಣಿನದು, ಪುರುಷನದಲ್ಲ. ಅಂಗದ ವಿಕಾರಕ್ಕೂ ವ್ಯಕ್ತಿಯ ವಿಕಾರಕ್ಕೂ ಇರುವ ಅಂತರವನ್ನು ವೈಯಾಕರಣರು ವಿಭಕ್ತಿಯಲ್ಲಿಯೇ ಕಾಪಾಡಿಕೊಂಡು ಬಂದಿರುವರು. ನಾವು ಮಾತ್ರ ದಿನದ ಮಾತಿನಲ್ಲಿ ಒಂದು ಬೆರಳನ್ನು ನೋಡಿ ಮನುಷ್ಯನನ್ನೇ ಹೆಸರಿಸಿಬಿಡುವೆವು.

೭

ಕಾವ್ಯದ ವಿಚಾರವನ್ನು ಹೇಳಿ ಮುಗಿಸುವೆನು. ನಖಶಿಖಾಂತವರ್ಣನೆಗಳಲ್ಲಿ ನಮ್ಮ ಕವಿಗಳು ನಾಯಿಕೆಯರೆಲ್ಲರಿಗೂ ಒಂದೇ ಶರೀರವನ್ನು ಕೊಟ್ಟಿರುವರೆಂಬುದನ್ನು ಒಪ್ಪಬೇಕು. ಕವಿಸಮಯವಾಗಿ ಅದು ಇರಲಿ. ಅದನ್ನು ಜೀವಂತರ ಪರೀಕ್ಷಾಪತ್ರಿಕೆಯಾಗಿ ಮಾಡಿಕೊಳ್ಳುವುದು ಸಹೃದಯರ ಕೆಲಸವಲ್ಲ. ಮಹಾಕವಿಗಳು ಈ ಸಮಯವನ್ನು ದಾಟಿ ನೋಡಿರುವುದೂ ಉಂಟು. ಕಾಳಿದಾಸನು ಕುಮಾರಸಂಭವದಲ್ಲಿ ಚಂದ್ರನ ಕಲೆಯನ್ನು ಗುಣಸಮೂಹದಲ್ಲಿ ಮುಳುಗಿಹೋಗುವ ಒಂದು ದೋಷವೆಂದನು. ಶಾಕುಂತಲದಲ್ಲಿ ಅದೇ ಕಲೆಯು ಚಂದ್ರನ ಕಾಂತಿಯನ್ನು ಹೆಚ್ಚಿಸುವುದೆಂದನು. ಮೊದಲನೆಯದರಲ್ಲಿ ಕಲೆಯನ್ನು ಕ್ಷಮಿಸಿದಂತಾಯಿತು. ಎರಡನೆಯದರಲ್ಲಿ ಕ್ಷಮಿಸತಕ್ಕುದೇ ಇಲ್ಲವಾಯಿತು. ಈ ಎರಡು ದೃಷ್ಟಿಗಳ ತಾರತಮ್ಯವನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟರೆ ದಂಡಿಯ ಉಪಮಾನಕ್ಕೆ ಅದೇ ತಕ್ಕ ಟಿಪ್ಪಣಿಯಾಗುವುದು.

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆಯಿದೆ. ಕೊನೆಯಲ್ಲಿ ಅವನು ಸಮಂಗಾನದಿಯಲ್ಲಿ ಮಿಂದು ನೇರವಾದನೆಂಬುದನ್ನೇ ನಾವು ಫಲವೆಂದು ಹೇಳುವೆವು. ಕಥಾಕ್ರಮವನ್ನು ನೋಡಿದರೆ, ಜನಕನ ಸಭೆಯಲ್ಲಿ ಬಂದಿಯನ್ನು ಗೆದ್ದು ತಂದೆಯನ್ನು ಬಿಡಿಸಿದುದು ಆ ಸ್ನಾನಕ್ಕೆ ಮೊದಲು. ಎಂಟು ಕಡೆ ಡೊಂಕಾದ ಶರೀರದಿಂದಲೇ ಅವನು ಮಾಡಬೇಕಾದುದನ್ನು ಮಾಡಿ ಮುಗಿಸಿದ್ದನು. ನೇರವಾದ ಮೇಲೆ ಅವನ ಜ್ಞಾನವು ಹೆಚ್ಚಿತೆಂದು ವ್ಯಾಸರು ಎಲ್ಲಿಯೂ ಹೇಳಿಲ್ಲ.

ಒಟ್ಟಿನಲ್ಲಿ ಹೇಳತಕ್ಕುದು ಇಷ್ಟು. ಭೇದವು ಕಂಡಾಗ ಕೇಳಬೇಕಾದ ಪ್ರಶ್ನೆಯು 'ಇದು ಗ್ರಂಥದಲ್ಲಿರುವಂತೆ ಇದೆಯೆ?' ಎಂಬುದಲ್ಲ, 'ಇದರಿಂದ ಹಾನಿಯುಂಟೆ? ಉಂಟಾದರೆ ಯಾರಿಗೆ?' ಎಂಬುದು. ಹಾನಿಯುಂಟಾದರೆ ವೈದ್ಯನಿರುವನು. ಇಲ್ಲವಾದರೆ ಅಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲ. ಅಧ್ಯಾಪಕಮಿತ್ರರು ಕಾವ್ಯಾದರ್ಶದ ಆ ಸ್ಥಳಕ್ಕೆ ಬಂದಾಗ, ಎದುರಿಗೆ ಕುಳಿತವರಲ್ಲಿ ಯಾರು ತಮ್ಮ ಕೈಯನ್ನು ಉತ್ತರೀಯದೊಳಗೆ ಇಟ್ಟುಕೊಂಡಿರುವರೋ ತಿಳಿಯದೆಂಬುದನ್ನು ನೆನೆದು ಅರ್ಥವನ್ನು ಹೇಳಬೇಕೆಂದು ನನ್ನ ಪ್ರಾರ್ಥನೆ.

ಆ ವಿದ್ಯಾರ್ಥಿಯು ಈಗ ಎಲ್ಲಿರುವನೋ ನಾನರಿಯೆನು. ಆರನೆಯ ಬೆರಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವು ಇಷ್ಟೇ.